ತಲೆದಿಂಬಿನ ಮೇಲಿನ ಪುಡಿ

ಮೂವತ್ತೊಂದು ವರ್ಷ ಔಷಧಿಯನ್ನು ಹನಿ ಹನಿಯಾಗಿ ಅಳೆದು ಕೊಟ್ಟ ಕಾಂಪೌಂಡರು ಮರಗೆಲಸಕ್ಕೆ ಕೈ ಹಾಕಿದ್ದು ನಿವೃತ್ತರಾದ ಮೇಲೆ. ಹಾಕಬಾರದಿತ್ತು ಅಂತ ಯಾರೂ ಹೇಳುವಂತಿಲ್ಲ. ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಮೂಗು ತೂರಿಸುವುದಕ್ಕಿಂತ ಅದು ಎಷ್ಟೋ ವಾಸಿ. ಒಂದು ಗರಗಸ, ಒಂದು ಸುತ್ತಿಗೆ, ಅಳತೆ ಟೇಪು, ನಾಲ್ಕು ಹಾಳೆ ಉಪ್ಪುಕಾಗದ, ಹೊಸಬರಿಗಾಗಿ ಬರೆದ ಒಂದು ತೆಳ್ಳನೆಯ ಪುಸ್ತಕ, ಇಷ್ಟೇ ಬಂಡವಾಳ. ಮೊದಲು ಮಾಡಿದ ಸ್ಟೂಲಿಗೆ ಕಾಲು ನಾಲ್ಕಿದ್ದರೂ ನೆಲ ಮುಟ್ಟುತ್ತಿದ್ದುದು ಮೂರೇ.

"ಕೂತ್ರೆ ತೊಟ್ಟಿಲು, ಎದ್ರೆ ಸ್ಟೂಲು. ಒಂದಕ್ಕೆ ಎರಡು ಮಾಡಿದೀರಲ್ಲ ರೀ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಕಾಂಪೌಂಡರೂ ನಕ್ಕರು. ಆದರೆ ಒಳಗೆ ಚುರ್ ಅಂದಿತ್ತು.

ಅದಾಗಿ ತಿಂಗಳಿಗೆ ಆಕೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ತೊಡೆಯವರೆಗೆ ಕಟ್ಟು ಬಿಗಿದು, ಆರು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು. ಮಂಚವನ್ನು ಹಜಾರದ ಗೋಡೆಗೆ ತಲೆ ಮಾಡಿ ಹಾಕಿದ್ದಾಯಿತು. ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು ಕಾಂಪೌಂಡರ ಕೆಲಸ. ಅವರು ಹತ್ತಿರ ಬಂದರೆ ಸಾಕು, ಆಕೆ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ಯಾವ ಮಾತ್ರೆ, ಯಾಕೆ ಅಂತ ಒಂದು ದಿನವೂ ಕೇಳಿದವಳಲ್ಲ.

"ನೋಡ್ಕೊಂಡಾದ್ರೂ ನುಂಗೇ."

"ನೀವು ಅಳೆದದ್ದು ತಪ್ಪೋದುಂಟಾ? ಹಾಕ್ರಿ ಸುಮ್ನೆ."

ಕನ್ನಡಕ, ರೇಡಿಯೋ, ನೀರಿನ ಲೋಟ, ಎಲ್ಲಕ್ಕೂ ಆಕೆ ಕೂಗಬೇಕಾಗುತ್ತಿತ್ತು. ಆಗ ಕಾಂಪೌಂಡರಿಗೆ ಹುರುಪು ಬಂತು. ತಲೆಯ ಮೇಲಕ್ಕೆ, ಕೈ ಎತ್ತಿದರೆ ಸಿಗುವಂತೆ ಒಂದು ಶೆಲ್ಫು! ಪುಸ್ತಕದಲ್ಲಿ ಅದು ಎರಡನೆಯ ಪಾಠ, ಅರ್ಧ ದಿನದ ಕೆಲಸ. ಮೂರಡಿ ಪೈನ್ ಹಲಗೆ, ಎರಡು ಕಬ್ಬಿಣದ ಆಸರೆ. ಕೊಯ್ದದ್ದೂ ನೆಟ್ಟಗೆ ಬಂತು, ಉಜ್ಜಿದ್ದೂ ನುಣುಪಾಯಿತು. ಗೋಡೆಗೆ ಮೂರಿಂಚಿನ ಸ್ಕ್ರೂ ಬೇಕು ಎಂದಿತ್ತು ಪುಸ್ತಕ. ಅವತ್ತು ಅಂಗಡಿ ಮುಚ್ಚಿತ್ತು. ಡಬ್ಬಿಯಲ್ಲಿ ಸ್ಟೂಲಿಗೆ ತಂದು ಉಳಿದಿದ್ದ ಒಂದಿಂಚಿನವು ನಾಲ್ಕಿದ್ದವು. ಪುಣ್ಯಾತ್ಮ ಒಂದು ದಿನ ತಡೆದುಕೊಳ್ಳಬಾರದೇ? ಜಡಿದೇ ಬಿಟ್ಟರು.

ಸಂಜೆ ಎದುರು ಮನೆಯ ಬಡಗಿ ಬಂದು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ.

"ಹಳೇ ಗೋಡೆ ಸಾರ್. ಇಟ್ಟಿಗೆ ಮೇಲೆ ಒಂದಿಂಚು ಗಾರೆನೇ ಇದೆ, ಅದರಲ್ಲಿ ಏನೂ ಕಚ್ಚಲ್ಲ. ಎಷ್ಟುದ್ದದ ಸ್ಕ್ರೂ ಹಾಕಿದೀರಿ?"

ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದಳು. ಸ್ಟೂಲಿನ ನಗು ಇನ್ನೂ ಅವರ ಕಿವಿಯಲ್ಲಿತ್ತು.

"ಮೂರಿಂಚು" ಎಂದರು ಕಾಂಪೌಂಡರು.

"ಹಾಗಾದ್ರೆ ಅಮ್ಮಾ, ಬೇಕಾದ್ರೆ ಬೀರೂನೇ ತಂದಿಡಿ!" ಎಂದು ಬಡಗಿ ನಕ್ಕುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಮೂರಿಂಚಿನ ನಾಲ್ಕು ಸ್ಕ್ರೂ ತಂದರು. ಕಾಗದದಲ್ಲಿ ಸುತ್ತಿದ ಆ ಪೊಟ್ಟಣ ಅಂಗಿಯ ಜೇಬು ಸೇರಿತು. ಅಲ್ಲಿಂದ ಹೊರಗೆ ಬರಲಿಲ್ಲ. ಶೆಲ್ಫು ಬಿಚ್ಚಿದರೆ ಯಾಕೆ ಅಂತ ಕೇಳುತ್ತಾಳೆ. ಏನಂತ ಹೇಳುವುದು? ಆಕೆ ನಿದ್ದೆ ಹೋದಾಗ ಮಾಡೋಣ ಎಂದರೆ ತಲೆ ಇರುವುದೇ ಅದರ ಕೆಳಗೆ. ನಾಳೆ ನೋಡೋಣ ಎಂದುಕೊಂಡರು.

ನಾಲ್ಕನೆಯ ದಿನ ದಿಂಬಿನ ಮೇಲೆ ಬಿಳಿ ಪುಡಿ ಕಂಡಿತು, ಒಂದು ಚಿಟಿಕೆಯಷ್ಟು.

"ಸುಣ್ಣ ಉದುರ್ತಾ ಇದೆ ರೀ, ಹಳೇ ಮನೆ" ಎಂದು ಆಕೆ ಕೂದಲು ಕೊಡವಿಕೊಂಡಳು. ಆಕೆ ಅತ್ತ ತಿರುಗಿದಾಗ ಕಾಂಪೌಂಡರು ಆಸರೆಗೂ ಗೋಡೆಗೂ ನಡುವೆ ಉಗುರು ತೂರಿಸಿ ನೋಡಿದರು. ಹೋಗಲಿಲ್ಲ. ಸದ್ಯ! ಮರುದಿನ ಔಷಧಿ ಚೀಟಿ ತೂರಿಸಿದರು, ಸಲೀಸಾಗಿ ಹೋಯಿತು. ಆರನೆಯ ದಿನ ಮಾತ್ರೆಯ ಶೀಟು ಹೋಯಿತು.

ಅತ್ತ ಶೆಲ್ಫಿನ ಮೇಲೆ ಸಾಮಾನು ಬೆಳೆಯುತ್ತಿತ್ತು. ನೋಡಲು ಬಂದವರಿಗೆಲ್ಲ ಆಕೆ ಅದನ್ನೇ ತೋರಿಸುವಳು. "ನಮ್ಮ ಮನೆಯವರೇ ಮಾಡಿದ್ದು. ಮೂರಿಂಚಿನ ಸ್ಕ್ರೂ ಹಾಕಿದಾರೆ, ಏನು ತಿಳ್ಕೊಂಡಿದೀರಿ!" ರೇಡಿಯೋ ಪಕ್ಕಕ್ಕೆ ಗಡಿಯಾರ ಬಂತು, ಗಡಿಯಾರದ ಪಕ್ಕಕ್ಕೆ ತಂಗಿ ತಂದ ದಪ್ಪ ದಪ್ಪ ಕಾದಂಬರಿಗಳು, ಕೊನೆಗೆ ನೀರು ತುಂಬಿದ ಹಿತ್ತಾಳೆ ಚೊಂಬು. ಒಂದೊಂದು ಇಟ್ಟಾಗಲೂ ಕಾಂಪೌಂಡರು ಉಸಿರು ಬಿಗಿಹಿಡಿದು ನಿಲ್ಲುವರು.

"ಅಷ್ಟೊಂದು ಯಾಕೆ ಹೇರ್ತೀಯೇ? ಧೂಳು ಕೂರುತ್ತೆ."

"ನೀವು ಒರೆಸ್ತೀರಲ್ಲ, ದಿನಾ ಅದರ ಹತ್ರಾನೇ ಇರ್ತೀರಿ. ಇಷ್ಟು ಮೋಹ ನನ್ಮೇಲೆ ಯಾವತ್ತಿತ್ತು?"

ದಿಂಬಿನ ಮೇಲೆ ಈಗ ಪುಡಿಯ ಜೊತೆ ಜೋಳದ ಕಾಳಿನಷ್ಟು ಗಾರೆಯ ಚೂರುಗಳೂ ಬೀಳುತ್ತಿದ್ದವು. ಆಕೆ ಏಳುವ ಮೊದಲೇ ಕಾಂಪೌಂಡರು ಅವನ್ನು ಅಂಗೈಗೆ ಬಳಿದುಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿ ಬರುತ್ತಿದ್ದರು. ಅಂಗೈಯಲ್ಲಿ ಅವರಿಗೆ ಅದರ ತೂಕ ಗೊತ್ತಾಗುತ್ತಿತ್ತು. ನಿನ್ನೆಗಿಂತ ಇವತ್ತು ಹೆಚ್ಚು. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಒಂದು ಮಾತಿಗೇ ನಾಲಿಗೆ ಏಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮಗಳು ಬಂದಳು. "ಅಮ್ಮಾ, ತಲೆಯೆಲ್ಲ ಸುಣ್ಣ ಸುಣ್ಣ! ಡಾಕ್ಟ್ರು ಏನಾದ್ರೂ ಅಂದ್ಕೊಳ್ಳಲಿ, ಇವತ್ತು ತಲೆಗೆ ನೀರು ಹಾಕೇ ಹಾಕ್ತೀನಿ" ಎಂದು ಹಟ ಹಿಡಿದು, ಅಪ್ಪನ ಕೈಯನ್ನೂ ಸೇರಿಸಿ, ತಾನೇ ಬಾಡಿಗೆಗೆ ತಂದಿದ್ದ ಗಾಲಿಕುರ್ಚಿಗೆ ಅಮ್ಮನನ್ನು ಎತ್ತಿ ಕೂರಿಸಿದಳು. ಬಚ್ಚಲ ಬಾಗಿಲು ಮುಚ್ಚಿತು. ಇದೇ ಸಮಯ! ಕಾಂಪೌಂಡರು ಜೇಬಿನ ಪೊಟ್ಟಣ ಮುಟ್ಟಿಕೊಂಡು, ಸ್ಕ್ರೂ ಡ್ರೈವರ್ ತರಲು ಹಿತ್ತಲಿಗೆ ಓಡಿದರು. ಡಬ್ಬಿಗೆ ಕೈ ಹಾಕಿದ್ದರು, ಅಷ್ಟೇ, ಒಳಗೆ ಢಡಾರ್ ಎಂದಿತು.

ಅವರು ಬರುವಷ್ಟರಲ್ಲಿ ಮಗಳು ಬಚ್ಚಲಿನಿಂದ ಕುರ್ಚಿ ತಳ್ಳಿಕೊಂಡು ಬಂದಿದ್ದಳು. ಹಲಗೆಯ ಅಂಚು ದಿಂಬನ್ನು ನಡುವಿಗೆ ಸೀಳಿಕೊಂಡು ಕೂತಿತ್ತು. ಚೊಂಬು ದಿಂಬಿನ ತಗ್ಗಿನಲ್ಲಿ, ಇಷ್ಟು ದಿನ ಆಕೆಯ ತಲೆ ಇದ್ದ ಜಾಗದಲ್ಲಿಯೇ ಬಿದ್ದಿತ್ತು. ಸದ್ದು ಕೇಳಿ ಬಂದ ಬಡಗಿ ಬಗ್ಗಿ ಒಂದು ಸ್ಕ್ರೂ ಎತ್ತಿಕೊಂಡ. ನೋಡಿದ. ಕಾಂಪೌಂಡರ ಮುಖ ನೋಡಿದ. ಅದನ್ನು ಕಿಟಕಿಯ ಮೇಲಿಟ್ಟು ಹೊರಟುಹೋದ.

"ಅದನ್ನ ಇಲ್ಲಿ ಕೊಡೇ" ಎಂದಳು ಹೆಂಡತಿ, ಒದ್ದೆ ಕೂದಲಿನಲ್ಲೇ. ಸ್ಕ್ರೂವನ್ನು ತನ್ನ ತೋರುಬೆರಳಿಗೆ ಹಿಡಿದು ನೋಡಿದಳು. ಒಂದು ಗೆಣ್ಣು ದಾಟಲಿಲ್ಲ.

"ಮೂರಿಂಚು ಅಂದಿದ್ರಲ್ಲ ರೀ."

ಕಾಂಪೌಂಡರು ತಲೆ ತಗ್ಗಿಸಿದರು.

"ಪುಡಿ ಬೀಳ್ತಿದ್ದದ್ದು ಯಾಕೆ ಅಂತಾನೂ ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು ಕಣೇ."

ಬೈದಿದ್ದರೆ, ಕೂಗಾಡಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಆಕೆ ಸ್ಕ್ರೂವನ್ನು ಮಗಳ ಕೈಗೆ ಕೊಟ್ಟಳು. ಬೇರೆ ಹಾಸಿಗೆ ಹಾಸಿದರು, ಊಟವಾಯಿತು. ಊಟದ ನಂತರ ಎಂದಿನಂತೆ ಕಾಂಪೌಂಡರು ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರು ಹಿಡಿದು ಹತ್ತಿರ ಬಂದರು.

ಆಕೆ ಬಾಯಿ ತೆರೆಯಲಿಲ್ಲ. ಅಂಗೈ ಚಾಚಿದಳು. ಮಾತ್ರೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಶೀಟು ಕೊಡಿ ಇಲ್ಲಿ."

ಕೊಟ್ಟರು. ಕನ್ನಡಕ ಹಾಕಿಕೊಂಡು ಹೆಸರು ಓದಿದಳು, ತಾರೀಖು ಓದಿದಳು. ಆಮೇಲೆ ಅದನ್ನು ಮಗಳ ಕಡೆ ನೀಡಿದಳು.

"ನೀನೂ ಒಂದ್ಸಲ ನೋಡೇ."

ಮಗಳು ಓದಿ ಮುಗಿಸುವವರೆಗೆ ಕಾಂಪೌಂಡರು ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದರು.