ತೊಳೆಯಬಾರದ ಕಲ್ಲು

ದಿನಕ್ಕೆ ಸ್ವಲ್ಪ ಹೊತ್ತಾದರೂ ಬಾಯಿ ಮುಚ್ಚಿಕೊಂಡು ಏನನ್ನಾದರೂ ನೋಡುತ್ತ ಕೂತಿರಿ ಎಂದು ನನ್ನ ಬಿ.ಪಿ. ನೋಡಿದ ಡಾಕ್ಟರಮ್ಮ ಹೇಳಿದರು. ಏನನ್ನು ನೋಡಲಿ ಎಂದು ಕೇಳಿದೆ. ಮರ, ಮೋಡ, ಮೀನು, ಏನಾದರೂ ಎಂದರು. ಮುಂದೆ ಲಾಂಡ್ರಿ, ಹಿಂದೆ ಮನೆ ನಮ್ಮದು. ಎದುರಿಗಿರುವುದು ಟೈರಿನ ಅಂಗಡಿ, ಮರವಿಲ್ಲ. ಮೋಡ ನೋಡಬೇಕೆಂದರೆ ರಸ್ತೆಗೆ ಇಳಿಯಬೇಕು. ಇಳಿದರೆ ಬಾಗಿಲಿಗೆ ಅಡ್ಡ ನಿಲ್ಲಿಸಿದ ಗಾಡಿ ಕಣ್ಣಿಗೆ ಬೀಳುತ್ತದೆ. ಬಿದ್ದ ಮೇಲೆ ನಾನು ಸುಮ್ಮನಿರುವವಳಲ್ಲ. ಉಳಿದದ್ದು ಮೀನು.

"ಒಂದು ಗಾಜಿನ ತೊಟ್ಟಿ ತಂದಿಡೋಣ," ಎಂದರು ನಮ್ಮ ಯಜಮಾನರು. ಇಸ್ತ್ರಿ ಮೇಜಿನ ಹಿಂದೆ ನಿಂತೇ ಇವರ ಅರ್ಧ ಆಯುಸ್ಸು ಕಳೆದಿದೆ. ಮಾತು ಕಮ್ಮಿ. ಆಡಿದರೆ ಇಸ್ತ್ರಿಯ ಹಬೆಯ ಹಾಗೆ ಪುಸ್ಸೆಂದು ಬಂದು ಸುಡುತ್ತದೆ. "ಬೈಯೋಕೆ ಒಬ್ಬರು ಜಾಸ್ತಿ ಸಿಕ್ಕಂಗಾಯ್ತು. ಮೀನಿಗೆ ಹೇಗೂ ಕಿವಿ ಕಾಣಲ್ಲ."

"ನಿಮಗೆ ಕಾಣೋ ಹಾಗೇ ಇದೆ, ಏನು ಪ್ರಯೋಜನ?" ಎಂದೆ.

ಬಣ್ಣದ ಮೀನಿನ ಅಂಗಡಿಗೆ ಹೋದೆವು. ಮುಂದೆ ಸಾಲಾಗಿ ಸಾಮಾನ್ಯ ಮೀನುಗಳು, ನೋಡಿದರೆ ಆಕಳಿಕೆ ಬರುವಂಥವು. ಹಿಂದಿನ ಮೂಲೆಯಲ್ಲಿ ನೀಲಿ ದೀಪ ಹಾಕಿದ ಸಣ್ಣ ತೊಟ್ಟಿ. ಅದರೊಳಗೆ ಹವಳಗಳು ಹೂವಿನ ಹಾಗೆ ಅರಳಿ, ಗಾಳಿಯೇ ಇಲ್ಲದ ಕಡೆ ಗಾಳಿಗೆ ಸಿಕ್ಕ ಹಾಗೆ ಓಲಾಡುತ್ತಿದ್ದವು. ನಡುವೆ ಜೋಡಿ ಮೀನು. ಕಿತ್ತಳೆ ಮೈ, ಅದರ ಮೇಲೆ ಆಗತಾನೆ ಒಗೆದು ನೀಲಿ ಹಾಕಿದಂಥ ಬಿಳಿ ಪಟ್ಟಿ. ದೊಡ್ಡದರ ಒಂದು ರೆಕ್ಕೆ ಮೊಂಡು. ಅದು ಸೀದಾ ಗಾಜಿನ ಹತ್ತಿರ ಬಂದು ನನ್ನನ್ನು ದುರುಗುಟ್ಟಿ ನೋಡಿತು. ನಾನೂ ದುರುಗುಟ್ಟಿದೆ. ಕದಲಲಿಲ್ಲ. ನನ್ನ ಕಣ್ಣಿಗೆ ಜಗ್ಗದ ಪ್ರಾಣಿಯನ್ನು ನಾನು ಕಂಡದ್ದು ಅದೇ ಮೊದಲು.

"ಇದೇ ಬೇಕು," ಎಂದೆ.

ಅಂಗಡಿಯವನು ತಲೆ ಅಲ್ಲಾಡಿಸಿದ. "ಅದು ಸಮುದ್ರದ ಮೀನು ಅಕ್ಕ. ಉಪ್ಪುನೀರು, ಹವಳ, ಬೇರೆ ಲೆಕ್ಕಾಚಾರ. ಮೊದಲ ಸಲ ಸಾಕೋರಿಗೆ ಆಗಲ್ಲ."

ಆಗಲ್ಲ! ನಮ್ಮವರು ಕಣ್ಣು ಮುಚ್ಚಿಕೊಂಡರು. ಅವರಿಗೆ ಗೊತ್ತು, ಆ ಪದ ಕೇಳಿದ ಮೇಲೆ ನನ್ನನ್ನು ಕಟ್ಟಿ ಹಾಕುವ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ.

"ಅಲ್ಲಪ್ಪ, ಆಗಲ್ಲ ಅನ್ನೋಕೆ ನೀನ್ಯಾರು?"

"ಮೀನು ಸತ್ತರೆ ಅಳೋನು," ಎಂದ ಅವನು. "ಇನ್ನೊಂದು ವಿಷಯ. ಹಲ್ಲಿನ ಡಾಕ್ಟರೂ ಇದೇ ಜೋಡಿ ಕೇಳಿದಾರೆ, ಅವರ ಕ್ಲಿನಿಕ್ಕಿಗೆ. ತೊಟ್ಟಿ ಕಟ್ಟಿ ಆಗಿದೆ, ನೀರು ಹದ ಆಗ್ತಾ ಇದೆ. ಯಾರ ನೀರು ಮೊದಲು ಮೀನು ಬದುಕೋ ಹದಕ್ಕೆ ಬರತ್ತೋ ಅವರಿಗೆ ಜೋಡಿ. ನನಗೆ ದುಡ್ಡು ತೋರಿಸಬೇಡಿ, ನೀರು ತೋರಿಸಿ."

ಆ ಹಲ್ಲಿನ ಡಾಕ್ಟರ ಬಿಳಿ ಕೋಟುಗಳನ್ನು ಒಗೆಯುವವಳು ನಾನು. ಒಳ್ಳೆಯ ಮನುಷ್ಯ. ಅಲ್ಲಿಯವರೆಗೆ ಹಾಗೇ ಅಂದುಕೊಂಡಿದ್ದೆ.

ತೊಟ್ಟಿ, ಮರಳು, ಪಂಪು, ಹೀಟರು, ದೀಪ, ಸಮುದ್ರದ ಉಪ್ಪಿನ ಚೀಲ ಎಲ್ಲ ಹೊತ್ತು ತಂದೆವು. ಅಡುಗೆ ಉಪ್ಪು ಸಾಲದೇ ಎಂದು ಕೇಳಿದ್ದಕ್ಕೆ ಅಂಗಡಿಯವನು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ನಲ್ಲಿ ನೀರೂ ಆಗದಂತೆ. ಅದಕ್ಕೆ ಮಾತ್ರ ನಾನು ಎದೆ ಉಬ್ಬಿಸಿದೆ. ಹಬೆ ಇಸ್ತ್ರಿಯಲ್ಲಿ ಸುಣ್ಣ ಕಟ್ಟಬಾರದೆಂದು ನಮ್ಮಲ್ಲಿ ನೀರು ಶುದ್ಧ ಮಾಡುವ ಯಂತ್ರವೇ ಇದೆ. ಆ ನೀರಿಗೆ ಬಕೆಟ್ಟಿನಲ್ಲಿ ಉಪ್ಪು ಕದಡಿ, ಅಳೆಯುವ ಕಡ್ಡಿ ತೇಲಿಸಿ, ನಮ್ಮವರು ಒಂದು ಕಣ್ಣು ಮುಚ್ಚಿ ಗೆರೆ ನೋಡಿ "ಇನ್ನೊಂದು ಹಿಡಿ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಇಬ್ಬರು ಸೇರಿ ಬಕೆಟ್ಟಿನಲ್ಲಿ ಸಮುದ್ರ ಮಾಡುತ್ತಿದ್ದೇವೆ! ಬೆರಳು ಅದ್ದಿ ನೆಕ್ಕಿದೆ. ಥೂ! ಎಷ್ಟು ಚೆನ್ನಾಗಿತ್ತು!

ಕಲ್ಲುಗಳು ಮಾತ್ರ ಬೇರೆ ಡಬ್ಬಿಯಲ್ಲಿ, ಉಪ್ಪುನೀರಿನಲ್ಲೇ ಮುಳುಗಿ ಬಂದಿದ್ದವು. ಜೀವಕಲ್ಲು ಎಂದಿದ್ದ ಅಂಗಡಿಯವನು. ಮುಚ್ಚಳ ತೆಗೆದೆ. ಮೈತುಂಬ ಕಂದು ಲೋಳೆ, ಹಸಿರು ಪಾಚಿ, ಅಲ್ಲಲ್ಲಿ ಹುಳದ ಕೊಳವೆ, ಮೇಲಿಂದ ಚರಂಡಿಯ ತಮ್ಮನಂಥ ವಾಸನೆ.

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಒಳಗೆ ಬಂದದ್ದು ಯಾವುದೂ ತೊಳೆಯದೆ ಮುಂದಕ್ಕೆ ಹೋಗಬಾರದು. ಲಾಂಡ್ರಿ ಶುರು ಮಾಡಿದ ನಮ್ಮ ಅತ್ತೆ ಮಾಡಿದ ಕಾನೂನು ಅದು. ನಾನು ಸೊಸೆಯಾಗಿ ಬಂದ ದಿನ ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿ "ಸ್ನಾನ ಮಾಡಿ ಬಾ" ಎಂದಿದ್ದವರು. ಇಂಥ ಮನೆಗೆ ಅಂಥ ಕಲ್ಲು ಬಂದರೆ ನಾನೇನು ಮಾಡಬೇಕಿತ್ತು? ಬ್ರಷ್ಷು ಹಾಕಿ ತಿಕ್ಕಿದೆ. ಸೋಡಾ ಹಾಕಿದೆ. ಬ್ಲೀಚಿನಲ್ಲಿ ನೆನೆಸಿಟ್ಟೆ. ಮತ್ತೆ ತಿಕ್ಕಿದೆ. ಮಾಳಿಗೆಯ ಮೇಲೆ ಬೆಡ್‌ಶೀಟುಗಳ ಕೆಳಗೆ ಸಾಲಾಗಿ ಒಣಹಾಕಿದೆ. ಶಾಲೆಯ ಹೊಸ ಸೀಮೆಸುಣ್ಣದ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಇಸ್ತ್ರಿ ಮಾಡುವುದೊಂದು ಬಾಕಿ.

ಅಷ್ಟು ಚಂದದ ಕೆಲಸವನ್ನು ಅಂಗಡಿಯವನಿಗೆ ತೋರಿಸದಿದ್ದರೆ ಹೇಗೆ? ಫೋಟೊ ತೆಗೆದುಕೊಂಡು ಹೋದೆ.

ಅವನು ಫೋನು ನೋಡಿದ. ನನ್ನನ್ನು ನೋಡಿದ. ಕೈಗೆ ಸಿಕ್ಕಿದ ಸ್ಟೂಲಿನ ಮೇಲೆ ಕುಸಿದು ಕೂತ.

"ಅಕ್ಕ... ಜೀವಕಲ್ಲು ಅಂತ ಹೇಳಿದ್ದೆನಲ್ಲ."

"ಹೇಳಿದ್ದೆ. ಗಲೀಜು ಕಲ್ಲು ಅಂತ ಹೇಳಿರಲಿಲ್ಲ."

"ಆ ಗಲೀಜೇ ಅಕ್ಕ ಜೀವ! ಕಣ್ಣಿಗೆ ಕಾಣದ ಹುಳಹುಪ್ಪಟೆ ಅದರಲ್ಲೇ ಇರೋದು. ಮೀನಿನ ಕೊಳೆ ತಿಂದು ನೀರು ಕಾಪಾಡೋದು ಅವು. ನೀವು ಕಾವಲುಗಾರರನ್ನೆಲ್ಲ ಕೊಂದು ಕೋಟೆಗೆ ಸುಣ್ಣ ಹೊಡೆದಿದೀರ."

"ಮತ್ತೆ ಹುಟ್ಟಲ್ವಾ?"

"ಹುಟ್ಟತ್ತೆ. ಸೊನ್ನೆಯಿಂದ ಶುರುವಾದರೆ ತಿಂಗಳುಗಟ್ಟಲೆ ಬೇಕು."

"ಹಲ್ಲಿನ ಡಾಕ್ಟರದು?"

"ಅರ್ಧ ದಾರಿ ಬಂದಿದೆ."

ಮೂಲೆಯ ತೊಟ್ಟಿಯಿಂದ ಮೊಂಡುರೆಕ್ಕೆಯವಳು ನನ್ನನ್ನೇ ನೋಡುತ್ತಿದ್ದಳು. ಅವಳು ಎಂದೆ, ಏಕೆಂದರೆ ಜೋಡಿಯಲ್ಲಿ ದೊಡ್ಡದು ಹೆಂಡತಿ, ಚಿಕ್ಕದು ಗಂಡ ಎಂದು ಅಂಗಡಿಯವನು ಅಷ್ಟರಲ್ಲಿ ಹೇಳಿದ್ದ. ಗಂಡ ತಲೆ ಎತ್ತಿದರೆ ಅವಳು ಕಚ್ಚುತ್ತಾಳಂತೆ. ಅದನ್ನು ಕೇಳಿ ನಮ್ಮವರು, "ಪರವಾಗಿಲ್ಲ, ಪರಿಚಯದವರೇ," ಎಂದಿದ್ದರು. ಈಗ ಅವಳು ಹಲ್ಲು ಕೀಳಿಸಿಕೊಳ್ಳುವವರ ಮುಂದೆ ಈಜಾಡಿಕೊಂಡು ಇರಬೇಕೆ? ಅಯ್ಯೋ ಎಂಬ ಕೂಗುಗಳ ನಡುವೆ?

ಮನೆಗೆ ಬಂದು, ಅಂಗಡಿಯವನು ಹೇಳಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಖಾಲಿ ತೊಟ್ಟಿಯ ಮುಂದೆ ಕೂತೆ. ಯಾರಿಗೂ ಬೈಯಲಿಲ್ಲ. ಒಂದು ಶರ್ಟಿಗೆ ಶಾಯಿ ಹತ್ತಿತ್ತು, ಅದಕ್ಕೂ ಬೈಯಲಿಲ್ಲ. ನಮ್ಮವರು ಹೆದರಿ ಒಳಗೆ ಕೂಗಿದರು: "ಅಮ್ಮಾ, ಬೇಗ ಬಾ. ಇವಳು ಸುಮ್ಮನಿದಾಳೆ!"

ಅತ್ತೆ ಒಂದು ಬಕೆಟ್ಟನ್ನು ಎಳೆದುಕೊಂಡು ಬಂದರು. ಮೇಲೊಂದು ತಟ್ಟೆ ಮುಚ್ಚಿತ್ತು.

"ಬೈಯಬಾರದು," ಎಂದರು.

"ಬೈಯಲ್ಲ."

"ಒಂದು ಕಲ್ಲು ಕದ್ದಿದೀನಿ."

ತಟ್ಟೆ ತೆಗೆದರು. ಆ ಡಬ್ಬಿಯ ನೀರಿನಲ್ಲೇ, ಕಂದು ಲೋಳೆ, ಹಸಿರು ಪಾಚಿ, ವಾಸನೆ ಎಲ್ಲದರ ಸಮೇತ, ಕಲ್ಲುಗಳಲ್ಲೆಲ್ಲ ದೊಡ್ಡದಾದ ಕಲ್ಲು. ತಿಕ್ಕುವ ಭರದಲ್ಲಿ ಅದು ಕಮ್ಮಿಯಾದದ್ದೇ ನನಗೆ ಗೊತ್ತಾಗಿರಲಿಲ್ಲ. ಅದರ ಒಂದು ತೂತಿನಿಂದ ನೂಲಿನಂಥ ತೋಳೊಂದು ಹೊರಗೆ ಬಂದು ಅತ್ತಿತ್ತ ಆಡಿತು. ನಕ್ಷತ್ರ ಮೀನಿನ ಬಡ ನೆಂಟ ಅದು ಎಂದು ಆಮೇಲೆ ಗೊತ್ತಾಯಿತು.

"ನೀನು ಬ್ರಷ್ಷು ತರೋಕೆ ಹೋದಾಗ ಇದು ನನಗೆ ಕೈ ಬೀಸ್ತು ಕಣೇ. ಒಳಗೆ ಯಾರೋ ಇದಾರೆ, ಅವರಿರೋವಾಗಲೇ ಮನೆ ತೊಳೆದರೆ ಹೇಗೆ ಅನ್ನಿಸ್ತು. ನನ್ನ ಕೋಣೆಲಿ ಇಟ್ಕೊಂಡೆ. ಉಸಿರು ಕಟ್ಟಬಾರದು ಅಂತ ಹೋಗ್ತಾ ಬರ್ತಾ ಸೌಟಲ್ಲಿ ನೀರು ತಿರುವ್ತಾ ಇದ್ದೆ."

ನನಗೆ ಬಾಯಿ ಬಂತು. "ತೊಳೆಯದೆ ಯಾವುದೂ ಮುಂದಕ್ಕೆ ಹೋಗಬಾರದು ಅಂತ ಕಾನೂನು ಮಾಡಿದ್ದು ಯಾರು ಅತ್ತೆ?"

"ನಾನೇ. ಬಟ್ಟೆಗೆ ಮಾಡಿದ್ದು. ಅಂಗಿ ಒಳಗಿಂದ ಯಾರಾದರೂ ಕೈ ಬೀಸಿದ್ದರೆ ಅದನ್ನೂ ತೊಳೀತಿರಲಿಲ್ಲ."

ನಾನು ಅತ್ತೆಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದೆ. ಸುಳ್ಳಲ್ಲ. ಒದ್ದೆ ಕಂಬಳಿಗಳನ್ನು ಎತ್ತಿದ ತೋಳು ನನ್ನದು, ಆ ಮುದುಕಿ ಯಾವ ಲೆಕ್ಕ? "ಇಳಿಸೇ ರಾಕ್ಷಸಿ, ಸೊಂಟ!" ಎಂದು ಕಿರುಚುತ್ತ ಅವರೂ ನಕ್ಕರು.

ಅಂಗಡಿಯವನು ಫೋನಿನಲ್ಲೇ ಕುಣಿದ. ಬಿಳಿ ಕಲ್ಲುಗಳಿಂದ ಬ್ಲೀಚಿನ ವಾಸನೆ ಪೂರ್ತಿ ಹೋಗುವ ತನಕ ನೀರು ಬದಲಿಸಿ ನೆನೆಸಿ, ಆಮೇಲೆ ಅತ್ತೆಯ ಕಲ್ಲನ್ನು ಅವುಗಳ ನಡುವೆ ಇಡಿ, ಜೀವ ಅದರಿಂದ ಇವಕ್ಕೆ ಹರಡುತ್ತದೆ ಎಂದ. "ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಕೊಳೆಯೋಕೆ ಬಿಡಿ. ಆಮೇಲೆ ದಮ್ಮಯ್ಯ, ಕೈ ಹಾಕಬೇಡಿ. ಏನು ಬಂದರೂ ಒರೆಸಬೇಡಿ."

ಕೊಳೆಯೋಕೆ ಬಿಡಿ! ಲಾಂಡ್ರಿಯವಳಿಗೆ ಹೇಳುವ ಮಾತೇ ಅದು?

ಬಿಟ್ಟೆ. ಹೇಗೆ ಬಿಟ್ಟೆ ಎಂದು ಕೇಳಬೇಡಿ. ಮೊದಲು ನೀರು ಮಬ್ಬಾಯಿತು. ಆಮೇಲೆ ನನ್ನ ಬಿಳಿ ಕಲ್ಲುಗಳ ಮೇಲೆ, ಮರಳಿನ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ಪುಡಿ ಹರಡಿತು, ಯಾರೋ ಚಹಾ ಚೆಲ್ಲಿ ಓಡಿಹೋದ ಹಾಗೆ. ನನ್ನ ಬೆರಳುಗಳು ತಾವಾಗಿಯೇ ಒರೆಸುವ ಬಟ್ಟೆ ಹುಡುಕುತ್ತಿದ್ದವು. ಅತ್ತೆ ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಸೌಟು ಹಿಡಿದು ಕಾವಲು ಕೂತರು. ಹತ್ತಿರ ಹೋದರೆ ಮೊಣಕೈಗೆ ಟಪ್ಪೆಂದು ಬೀಳುತ್ತಿತ್ತು.

"ಬರೀ ನೋಡ್ತೀನಿ ಅತ್ತೆ!"

"ಕೈ ಹಿಂದೆ ಕಟ್ಟಿಕೊಂಡು ನೋಡು."

ಆ ಸಿಟ್ಟೆಲ್ಲ ಹಲ್ಲಿನ ಡಾಕ್ಟರ ಕೋಟುಗಳ ಮೇಲೆ ಹೋಯಿತು. ಒಂದು ದಿನ ಅವರೇ ಬಂದರು. "ಏನಮ್ಮ, ಗಂಜಿ ಸ್ವಲ್ಪ ಜಾಸ್ತಿ ಆಯ್ತೇನೋ. ಕೋಟು ತಾನಾಗೇ ನಿಂತ್ಕೊಳ್ತಿದೆ. ನರ್ಸಮ್ಮ ಅದಕ್ಕೇ ನಮಸ್ಕಾರ ಮಾಡಿದರು."

"ಬಟ್ಟೆ ಗಟ್ಟಿ ಬರಲಿ ಅಂತ ಡಾಕ್ಟರೇ," ಎಂದೆ. "ನಿಮ್ಮ ನೀರು ಹೇಗಿದೆ?"

"ಇನ್ನೇನು, ಆಯ್ತು ಅಂತ ಕಾಣತ್ತೆ." ಅವರು ನಮ್ಮ ತೊಟ್ಟಿಯನ್ನು ಇಣುಕಿ ನೋಡಿದರು. "ನಿಮ್ಮದು ಬಹಳ ಗಲೀಜಾಗಿದೆಯಲ್ಲ."

ನನಗೆ ಗಲೀಜು ಎಂದರು! ನನಗೆ! ಯಜಮಾನರು ನನ್ನ ಸೆರಗು ಹಿಡಿದುಕೊಳ್ಳದಿದ್ದರೆ ಅವತ್ತು ಡಾಕ್ಟರ ಹಲ್ಲಿಗೇ ಕೆಲಸ ಬೀಳುತ್ತಿತ್ತು.

ನೀರು ಪರೀಕ್ಷೆ ಮಾಡುವುದು ಹೀಗೆ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ತೆಗೆದು ಔಷಧಿಯ ಹನಿ ಬಿಟ್ಟು ಕುಲುಕಬೇಕು. ಕೊಳೆತದ್ದರಿಂದ ಹುಟ್ಟಿದ ವಿಷ ಇದ್ದರೆ ಹಸಿರು, ಆ ಕಾಣದ ಹುಳಗಳು ಅದನ್ನು ತಿಂದು ಮುಗಿಸಿದ್ದರೆ ಹಳದಿ. ಬಣ್ಣ ಹೇಳುವುದು ನಮ್ಮವರ ಕೆಲಸ, ಅವರ ಕಣ್ಣಿಗೆ ಈ ಬೀದಿಯ ಬಟ್ಟೆಯೆಲ್ಲ ಬಾಯಿಪಾಠ. ಮೊದಲ ವಾರ, "ಬ್ಯಾಂಕಿನ ಕಾವಲುಗಾರನ ಅಂಗಿ," ಎಂದರು. ಅಂದರೆ ಕಡು ಹಸಿರು. ಆಮೇಲೆ, "ಅದೇ ಅಂಗಿ, ನಾಲ್ಕು ಒಗೆತ ಆದಮೇಲೆ." ಆಮೇಲೆ ಎಷ್ಟೋ ದಿನ ಅಲ್ಲೇ ನಿಂತಿತು. ನಾನು ನಳಿಕೆಗೆ ಬೈದೆ, ಹನಿಗೆ ಬೈದೆ, ಔಷಧಿ ಮಾಡಿದವನ ಮನೆತನಕ್ಕೂ ಬೈದೆ.

ಒಂದು ಬೆಳಿಗ್ಗೆ ನಮ್ಮವರು ನಳಿಕೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಕಾಲರಿನ ಹಳದಿ," ಎಂದರು.

ಕಾಲರಿನ ಹಳದಿ! ಜೀವಮಾನವೆಲ್ಲ ನಾನು ಬಡಿದಾಡಿದ ಬಣ್ಣ ಅದು. ಅದನ್ನು ನೋಡಿ ಕುಣಿದೆ. ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು, ಕಾಲಿಗೆ ಯಾರ ಚಪ್ಪಲಿ ಸಿಕ್ಕಿತೋ ಹಾಕಿಕೊಂಡು ಓಡಿದೆ.

ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಮೊದಲೇ ನಿಂತಿದ್ದರು, ಕೈಯಲ್ಲಿ ಅವರ ಬಾಟಲಿ. ಅಂಗಡಿಯವನು ಎರಡು ನಳಿಕೆ ಇಟ್ಟ. ಹನಿ ಬಿಟ್ಟ. ಕುಲುಕಿದ. ನಾವಿಬ್ಬರೂ ಬಗ್ಗಿ ನೋಡುವಾಗ ನಮ್ಮ ತಲೆಗಳು ಢೀ ಎಂದವು. ಯಾರೂ ಕ್ಷಮೆ ಕೇಳಲಿಲ್ಲ.

ನನ್ನದು ಹಳದಿ. ಅವರದರಲ್ಲಿ ಇನ್ನೂ ಹಸಿರಿನ ಎಳೆ.

"ಡಾಕ್ಟರೇ, ನಿಜ ಹೇಳಿ," ಎಂದ ಅಂಗಡಿಯವನು. "ತೊಟ್ಟಿಗೆ ಏನು ಮಾಡಿದಿರಿ? ಹೋದ ವಾರ ಹೆಚ್ಚುಕಮ್ಮಿ ಹಳದಿಗೆ ಬಂದಿತ್ತಲ್ಲ."

ಡಾಕ್ಟರು ನೆಲ ನೋಡಿದರು. "ಕಲ್ಲಿನ ಮೇಲೆ ಕಂದು ಪದರ ಕಟ್ಟಿತ್ತು. ಹಲ್ಲಿನ ಮೇಲೆ ಕಟ್ಟೋ ಥರಾನೇ. ನೋಡಿಕೊಂಡು ಇರೋಕಾಗಲಿಲ್ಲ ಕಣಯ್ಯ. ಎಲ್ಲಾ ಹೊರಗೆ ತೆಗೆದು, ಬಿಸಿನೀರಲ್ಲಿ ಉಜ್ಜಿ ಕ್ಲೀನ್ ಮಾಡಿಬಿಟ್ಟೆ."

ನನಗೆ ನಗು ಎಲ್ಲಿಂದ ಬಂತೋ! ಹೊಟ್ಟೆ ಹಿಡಿದುಕೊಂಡು ಅಂಗಡಿಯ ನೆಲದ ಮೇಲೇ ಕೂತೆ. ಅವರು ಮೊದಲು ಮುಖ ಕೆಂಪು ಮಾಡಿಕೊಂಡರು. ನಾನು ಫೋನು ತೆಗೆದು, ಮಾಳಿಗೆಯ ಮೇಲೆ ಒಣಹಾಕಿದ ಕಲ್ಲುಗಳ ಫೋಟೊ ತೋರಿಸಿದ ಮೇಲೆ ಅವರೂ ಪಕ್ಕದ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಸಂಜೆ ಲಾಂಡ್ರಿಗೆ ಬನ್ನಿ," ಎಂದೆ. "ನಮ್ಮ ಅತ್ತೆ ಕಲ್ಲಿನ ಒಂದು ಚೂರು ಕೊಡ್ತೀನಿ. ನಡುವೆ ಇಟ್ಟು, ಕೈ ಕಟ್ಟಿಕೊಂಡು ಕೂತ್ಕೊಳ್ಳಿ. ಬೇಕಾದರೆ ಕಾವಲಿಗೆ ಅತ್ತೇನೂ ಕಳಿಸ್ತೀನಿ, ಸೌಟಿನ ಸಮೇತ." ಗಿರಾಕಿಗೆ ಕೊಳೆ ಕೊಟ್ಟು ಕಳಿಸಿದ್ದು ನಮ್ಮ ಲಾಂಡ್ರಿಯಲ್ಲಿ ಅದೇ ಮೊದಲು. ಕೋಟಿನ ಗಂಜಿಯನ್ನೂ ಆ ವಾರದಿಂದ ಕಮ್ಮಿ ಮಾಡಿದೆ.

ಜೋಡಿ ಮನೆಗೆ ಬಂತು. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪಸ್ವಲ್ಪವಾಗಿ ನಮ್ಮ ನೀರನ್ನು ಅದರೊಳಗೆ ಬಿಟ್ಟೆ. ಮನೆಯಲ್ಲಿ ಯಾರೂ ಉಸಿರಾಡಲಿಲ್ಲ, ತೊಳೆಯುವ ಯಂತ್ರವೂ ಆಗಲೇ ನಿಂತಿತು. ಕೊನೆಗೆ ಮೊಂಡುರೆಕ್ಕೆಯವಳು ಹೊರಗೆ ಬಂದಳು. ಹೆದರಿ ಮೂಲೆ ಸೇರುತ್ತಾಳೆಂದು ಅಂಗಡಿಯವನು ಹೇಳಿದ್ದ. ಎಲ್ಲಿಯ ಹೆದರಿಕೆ? ಗಂಡನನ್ನು ಹಿಂದಿಟ್ಟುಕೊಂಡು ಇಡೀ ತೊಟ್ಟಿ ಒಂದು ಸುತ್ತು ಹಾಕಿದಳು. ಬಿಳಿ ಕಲ್ಲು ನೋಡಿದಳು, ಅತ್ತೆಯ ಕಲ್ಲು ನೋಡಿದಳು. ಅಲ್ಲಿ ನಿಂತು, ಬಗ್ಗಿ, ಬಾಯಿತುಂಬ ಮರಳು ತುಂಬಿಕೊಂಡು, ದೂರ ಹೋಗಿ ಉಗುಳಿ ಬಂದಳು. ಮತ್ತೆ ತುಂಬಿಕೊಂಡಳು, ಮತ್ತೆ ಉಗುಳಿದಳು. ಗಂಡ ಪಾಪ ಪಕ್ಕಕ್ಕೆ ಬಂದರೆ ಬಾಲಕ್ಕೊಂದು ಕಚ್ಚು.

"ಏನು ಮಾಡ್ತಿದಾಳೆ ಇವಳು?" ಎಂದೆ, ಪಿಸುದನಿಯಲ್ಲಿ.

"ಗುಡಿಸ್ತಿದಾಳೆ," ಎಂದರು ಯಜಮಾನರು, ಅಷ್ಟೇ ಮೆಲ್ಲಗೆ.

ಅತ್ತೆ ಸೌಟನ್ನು ಮಡಿಲಲ್ಲಿ ಇಟ್ಟುಕೊಂಡು, ಬೊಚ್ಚು ಬಾಯಿ ಅಗಲಿಸಿ ನನ್ನ ಕಡೆ ತಿರುಗಿದರು.

"ಬಂದಳು ನೋಡೇ ನಿನ್ನ ಸೊಸೆ. ಇನ್ನು ನಿನಗೂ ಗೊತ್ತಾಗತ್ತೆ."