ಜೋವಿಟಾ ಹೇಳಿದ ವಿಳಾಸ

ಆಲೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಜೇಮ್ಸ್‌ನ ಮಗಳು ಜೋವಿಟಾಗೆ ನಾಲ್ಕು ವರ್ಷ ತುಂಬಿದೆ. ಅವಳ ಬಾಯಿಗೆ ಬಿಡುವೇ ಇಲ್ಲ. ಆದರೆ ಅವಳು ಹೇಳಿದ್ದು ಅರ್ಥವಾಗುವುದು ತಾಯಿ ಮರೀನಾಗೆ ಮಾತ್ರ.

“ಮಗು ಮಾತು ತಿಳಿಯಾಕಿಲ್ಲ ಜೇಮ್ಸಣ್ಣ, ಡಾಕ್ಟರಿಗೆ ತೋರ್ಸಿ” ಎಂದು ಅಂಗನವಾಡಿಯ ಪಂಕಜಾಕ್ಷಿ ಟೀಚರ್ ಎರಡು ಸಲ ಹೇಳಿದ್ದರು.

“ಮನೇಲಿ ಕೊಂಕಣಿ, ಹೊರಗೆ ಕನ್ನಡ. ಗಲಿಬಿಲಿ ಆಗೈತೆ ಅಷ್ಟೇ. ಕೊಂಕಣಿ ನಿಲ್ಸಿದ್ರೆ ಸರಿಹೋಗ್ತದೆ ಬಿಡಿ” ಎಂದು ಜೇಮ್ಸ್ ನಕ್ಕಿದ್ದ. ಮೊಮ್ಮಗಳ ಜೊತೆ ಕೊಂಕಣಿ ಆಡಬೇಡ ಎಂದು ತನ್ನ ತಾಯಿಗೂ ತಾಕೀತು ಮಾಡಿದ್ದ. ಮಹಾ ಬುದ್ಧಿವಂತ!

ಕಳೆದ ವಾರ ಆಲೂರು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಮರೀನಾಳ ಕೈಯಿಂದ ಮಗುವಿನ ಕೈ ಜಾರಿತು. ತಿರುಗಿ ನೋಡಿದರೆ ಜೋವಿಟಾ ಇಲ್ಲ! ಗಂಡ ಹೆಂಡತಿ ಅಂಗಡಿ ಅಂಗಡಿ ಹುಡುಕಿದರು. ಅಷ್ಟರಲ್ಲಿ ಎರಡು ಬಸ್ಸು ಹೊರಟುಹೋಗಿದ್ದವು. ಯಾವುದಕ್ಕೆ ಹತ್ತಿಬಿಟ್ಟಳೋ, ಯಾರು ಎತ್ತಿಕೊಂಡು ಹೋದರೋ? ಮರೀನಾ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾ ಓಡಾಡಿದಳು.

ಒಂದು ಗಂಟೆಯ ಮೇಲೆ ಹೆತ್ತೂರು ಕಡೆಯಿಂದ ಬಂದ ಬಸ್ಸಿನಿಂದ ಕಂಡಕ್ಟರ್ ಸುನಿಲ್‌ಕುಮಾರ್ ಮಗುವನ್ನು ಎತ್ತಿಕೊಂಡು ಇಳಿದರು. “ಆಲೂರಲ್ಲೇ ಹತ್ತಿರ್ಬೇಕು ಅಂತ ಎದುರು ಸಿಕ್ಕಿದ ಬಸ್ಸಿನೋರು ನನ್ ಕೈಗೆ ಕೊಟ್ರು. ಹೆಸ್ರು, ಊರು ಎಲ್ಲಾ ಕೇಳಿದ್ವಿ ಕಣ್ರೀ. ಏನೇನೋ ಹೇಳ್ತು. ಒಬ್ರಿಗೂ ತಿಳೀಲಿಲ್ಲ.”

ಜೋವಿಟಾ ಬಿಕ್ಕುತ್ತಾ ತಾಯಿಗೆ ಏನೋ ಹೇಳಿದಳು.

“ಏನಂತಾಳೆ?” ಜೇಮ್ಸ್ ಕೇಳಿದ.

“ಪಪ್ಪನ ಹೆಸ್ರು ಹೇಳ್ದೆ, ಎಸ್ಟೇಟ್ ಹೆಸ್ರೂ ಹೇಳ್ದೆ, ಯಾರೂ ಮನೆಗೆ ಕರ್ಕಂಡ್ ಹೋಗ್ಲಿಲ್ಲ ಅಂತಾಳೆ” ಎಂದಳು ಮರೀನಾ. ಜೇಮ್ಸ್ ಮಗಳನ್ನು ಎತ್ತಿ ಎದೆಗವಚಿಕೊಂಡ.

ಸಂಜೆ ಅವನೇ ಟೀಚರ್ ಮನೆಗೆ ಹೋದ.

“ಎರಡು ಭಾಷೆಯಿಂದ ಹಿಂಗಾಗಾಕಿಲ್ಲ ಅಣ್ಣ. ಜೋವಿಟಾ ಆಡೋ ಕೊಂಕಣಿ ಅಜ್ಜಿಗಾದ್ರೂ ತಿಳೀತದಾ?” ಟೀಚರ್ ಕೇಳಿದರು.

“ಇಲ್ಲ.”

“ಮತ್ತೆ? ‘ರ’, ‘ಷ’ ಅಕ್ಷರ ನಾಲಿಗೆಗೆ ಬರೋದು ಒಂದಿಷ್ಟು ತಡ ಆದ್ರೂ ಪರ್ವಾಗಿಲ್ಲ. ಆದ್ರೆ ನಾಲ್ಕು ವರ್ಷದ ಮಗು ಮಾತು ಹೊರಗಿನೋರಿಗೂ ಹೆಚ್ಚುಪಾಲು ತಿಳೀಬೇಕು. ಮೊದ್ಲು ಕಿವಿ ಪರೀಕ್ಷೆ ಮಾಡ್ಸಿ, ಆಮೇಲೆ ಮಾತಿನ ತಜ್ಞರಿಗೆ ತೋರ್ಸಿ. ಅಜ್ಜಿ ಕೊಂಕಣೀಲೇ ಮಾತಾಡ್ಲಿ.”

“ತಡ ಆಗ್ಬುಡ್ತಾ ಟೀಚರ್?” ಜೇಮ್ಸ್ ಕೇಳಿದ.

“ಇಲ್ಲ. ಆದ್ರೆ ಇನ್ನು ಕಾಯ್ಬೇಡಿ.”

“ನಾಳೆನೇ ಹಾಸನಕ್ಕೆ ಹೋಗ್ತೀವಿ.”

ಅಪ್ಪಂದಿರೇ, ಅಮ್ಮಂದಿರೇ, ಇವತ್ತೇ ನಿಮ್ಮ ಮಗುವನ್ನು ಪರಿಚಯವಿಲ್ಲದ ಒಬ್ಬರೊಡನೆ ಮಾತಾಡಿಸಿ ನೋಡಿ. ನೀವು ಪಕ್ಕದಲ್ಲೇ ನಿಲ್ಲಿ, ನಡುವೆ ಬಾಯಿ ಹಾಕಬೇಡಿ. ಮೂರು ವರ್ಷದ ಮಗುವಿನ ಮಾತು ಮನೆಯವರಿಗೇ ಅರ್ಥವಾಗದಿದ್ದರೆ, ನಾಲ್ಕು ವರ್ಷದ ಮಗುವಿನ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ಆಸ್ಪತ್ರೆಗೆ ಹೋಗಿ. ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎಂಬ ಅನುಮಾನವಿದ್ದರೆ ಯಾವ ವಯಸ್ಸಾದರೂ ಕಾಯಬೇಡಿ. ನೀವು ಜೊತೆಗಿಲ್ಲದ ಹೊತ್ತಿನಲ್ಲಿ ಮಗುವನ್ನು ಮನೆ ಮುಟ್ಟಿಸಬೇಕಾದದ್ದು ಅದರ ಮಾತೇ.