ಅತ್ತೆ ಎತ್ತಿದ ಚೀಲ

ಮಧ್ಯಾಹ್ನ ಯಂತ್ರಗಳು ನಿಂತು ಗುಂಡಿ ಹಚ್ಚುವ ಕೆಲಸ ಶುರುವಾಯಿತೆಂದರೆ ಆ ಹೊಲಿಗೆ ಕೋಣೆಗೆ ರೇಡಿಯೋ ಅಕ್ಕನೇ ಮಹಾರಾಣಿ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ವಾರಪತ್ರಿಕೆಯ ಧಾರಾವಾಹಿಯನ್ನು ಎಲ್ಲರಿಗೂ ಕೇಳುವಂತೆ ಓದುವುದು ಅವಳ ಪಾಲು. ಅವಳು ಹಚ್ಚಬೇಕಾದ ಗುಂಡಿಗಳೆಲ್ಲ ಉಳಿದವರ ಪಾಲು. ಅವಳು ಅಳುವ ಭಾಗ ಓದಿದರೆ ಸೂಜಿಗಳಿಗೆ ತುಕ್ಕು ಹಿಡಿಯುತ್ತಿತ್ತು, ಮಹಡಿಯ ಮೇಲೆ ಮಾಲೀಕರು ಮೂಗೊರೆಸಿಕೊಳ್ಳುತ್ತಿದ್ದರು. ಸುಳ್ಳೆನ್ನುವವರು ಆ ಸೂಜಿಗಳನ್ನೇ ಕೇಳಲಿ.

ಆದರೆ ಅವಳು ಓದುತ್ತಿದ್ದಳೆಂದು ಯಾರು ಹೇಳಿದರು? ಪುಟದ ಮೇಲೆ ಕಣ್ಣಾಡಿಸಿ, ಉಳಿದದ್ದನ್ನು ಬಾಯಿಗೆ ಬಂದಂತೆ ಹೆಣೆಯುತ್ತಿದ್ದಳು. ಎಲ್ಲ ಕಥೆಯೂ ಒಂದೇ ಅಚ್ಚಿನದಾದರೆ ಅಕ್ಷರಕ್ಕೆ ಕಣ್ಣು ಸವೆಸುವುದೇಕೆ?

ಕೊನೆಯ ಕಂತು ಬಂದ ದಿನ, ಅಂಗಿಗೆ ಗುಂಡಿ ತೂರುವ ಕಾಜಾ ತೆಗೆಯುವ ಹಿರಿಯಾಕೆ ದಾರ ಕಚ್ಚಿ ತುಂಡರಿಸುತ್ತಾ ಕೇಳಿದಳು: “ಎಲ್ಲ ಬಲ್ಲವಳೇ, ಮುಂದೇನು ಹೇಳು?”

“ಇನ್ನೇನಿರತ್ತೆ ಕಾಜಾ ಅಕ್ಕ? ಸೊಸೇನ ಮನೆಯಿಂದ ಓಡಿಸಿದ ಅತ್ತೇನೇ ಬಾಗಿಲು ತೆಗೀತಾಳೆ, ತಪ್ಪಾಯ್ತು ಅಂತಾಳೆ, ಸೊಸೆ ಒಳಗೆ ಬರ್ತಾಳೆ. ಮುಗೀತು!”

“ಹಾಗಾಗ್ದಿದ್ರೆ?”

“ಈ ಕುರ್ಚಿ ನಿಮಗೆ. ನಿಮ್ಮ ಕೆಲಸ ಎಲ್ಲ ನಂಗೆ.”

“ಆಗ್ಲಿ ತಾಯಿ. ಆದ್ರೆ ಇವತ್ತು ಸಾಲು ನುಂಗಂಗಿಲ್ಲ. ಅಕ್ಷರಕ್ಕೆ ಬೆರಳಿಟ್ಟು ಓದ್ಬೇಕು. ಪಕ್ಕದಲ್ಲೇ ಕೂತು ನೋಡ್ತಿರ್ತೀನಿ.”

ರೇಡಿಯೋ ಅಕ್ಕ ಪುಟ ಬಿಡಿಸಿದಳು. ಕುರ್ಚಿ ಹೋದರೆ ಅದರ ಜೊತೆ ಹೆಸರೂ ಹೋಗುತ್ತದಲ್ಲ! ಬೆರಳಿಟ್ಟಳು.

ಕಥೆಯಲ್ಲಿ ಯಾರೋ ಬಾಗಿಲು ತಟ್ಟಿದರು. ಅತ್ತೆಯೇ ತೆಗೆದಳು. ಹೊಸ್ತಿಲಲ್ಲಿದ್ದ ಸೊಸೆಗೆ ತಪ್ಪಾಯಿತೆಂದು ಹೇಳಿ ಒಳಗೆ ಕರೆದಳು. “ಕೇಳಿಸ್ತಾ?” ಎಂದು ರೇಡಿಯೋ ಅಕ್ಕ ಹುಬ್ಬು ಕುಣಿಸಿದ ರಭಸಕ್ಕೆ ಸೂರಿನ ಹೆಂಚು ಹಾರಬೇಕಿತ್ತು. ಗೆದ್ದಾಗಿತ್ತು. ಆದರೂ ಬೆರಳು ಮುಂದೆ ಸರಿಯಿತು.

“ಅತ್ತೆ ಸೊಸೆಯ ಚೀಲ ಎತ್ತಿಕೊಂಡಳು. ಚೀಲ ಹಗುರವಾಗಿತ್ತು. ಇವಳು ಉಳಿಯಲು ಬಂದಿಲ್ಲವೆಂದು ತಿಳಿಯಿತು. ಒಂದು ಕ್ಷಣ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೊಂಡು, ಬಹಳ ಭಾರವಿರುವಂತೆ ಅದನ್ನು ಎರಡೂ ಕೈಯಲ್ಲಿ ಹೊತ್ತು ಒಳಗೆ ನಡೆದಳು.”

ರೇಡಿಯೋ ಅಕ್ಕನ ದನಿ ಇಳಿಯಿತು. ಸೂಜಿಗಳು ಬಟ್ಟೆಯಲ್ಲಿ ಅರ್ಧಕ್ಕೇ ನಿಂತವು. ಹೊರಗೆ ರಸ್ತೆಯೂ ಉಸಿರು ಬಿಗಿಹಿಡಿಯಿತು. ಈ ಮಾತಿನಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಇಷ್ಟು ವಾರ ಇಂಥ ಹೆಂಗಸೊಬ್ಬಳು ಈ ಸಾಲುಗಳ ನಡುವೆ ಓಡಾಡಿಕೊಂಡಿದ್ದಳೇ? ಅವಳನ್ನು ದಾಟಿಕೊಂಡು ನಾನೆಲ್ಲಿಗೆ ಓಡುತ್ತಿದ್ದೆ?

“ಗೆದ್ಯಲ್ಲೇ, ಪಾಪಿ!” ಎಂದಳು ಕಾಜಾ ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. “ಕುರ್ಚಿ ನಿಂದೇ.”

“ಆಮೇಲೆ? ಆ ಚೀಲ ಎಲ್ಲಿಟ್ಲು ಅಕ್ಕ?”

“ನನ್ನ ಕೇಳ್ತೀಯಲ್ಲ! ಮುಗಿಯಿತು ಅಂತ ಅಚ್ಚಾಗಿದೆ ನೋಡು.”

ರೇಡಿಯೋ ಅಕ್ಕ ಎದ್ದು, ಹಿರಿಯಾಕೆಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. “ಇನ್ನೊಂದ್ಸಲ ನೀವು ಓದಿ. ನಾನು ಕೇಳ್ಬೇಕು.” ಆಕೆಯ ಮಡಿಲಲ್ಲಿದ್ದ ಅಂಗಿಯನ್ನು ಎತ್ತಿಕೊಂಡು ನೆಲದ ಮೇಲೆ ಕೂತಳು.

ಕಾಜಾ ಅಕ್ಕನ ಓದು ಬಲು ನಿಧಾನ. ಒಂದೊಂದು ಪದಕ್ಕೂ ಕಾಯಬೇಕಿತ್ತು. ರೇಡಿಯೋ ಅಕ್ಕ ಬಾಯಿ ತೆರೆಯದೆ ಕಾದಳು.